ಮಂಗಕ್ಕೆ ಕಟ್ಟಿದ ಸೀಡಿಯಲ್ಲಿ ತಬಲಾದವರ ಹೆಸರಿತ್ತು

ತೀರ್ಥಹಳ್ಳಿ ಕಡೆಯ ಓದುಗರೊಬ್ಬರ ಪತ್ರ: "ಅಪ್ಪಯ್ಯ ಕೂಡಿಟ್ಟ ಇನ್ನೂರು ಸೀಡಿಗಳು ಅಟ್ಟದ ಮೇಲಿವೆ. ಹೆಚ್ಚಿನವು ಹಿಂದೂಸ್ತಾನಿ, ಮತ್ತೆ ಭಾವಗೀತೆ, ಸ್ವಲ್ಪ ಯಕ್ಷಗಾನ. ಕೆಲವಕ್ಕೆ ಬೂಷ್ಟು ಹಿಡಿದಿದೆ, ಕೆಲವು ಹಾಡುತ್ತ ಹಾಡುತ್ತ ಎಗರುತ್ತವೆ. ಎಲ್ಲ ಫೋನಿನಲ್ಲೇ ಸಿಗುತ್ತದೆ, ಗುಜರಿಗೆ ಹಾಕಿ ಎನ್ನುತ್ತಾನೆ ಮಗ. ಹತ್ತನ್ನು ಈಗಾಗಲೇ ಮಂಗ ಹೆದರಿಸಲು ತೋಟದಲ್ಲಿ ಕಟ್ಟಿದ್ದೇವೆ. ಉಳಿದವನ್ನು ಇಟ್ಟುಕೊಳ್ಳುವುದರಲ್ಲಿ ಅರ್ಥವಿದೆಯೇ?"

ಸಂಪಾದಕರ ಉತ್ತರ:

ಮೊದಲು ತೋಟಕ್ಕೆ ಹೋಗಿ ಆ ಹತ್ತನ್ನು ಬಿಚ್ಚಿಕೊಂಡು ಬನ್ನಿ. ಮಲೆನಾಡಿನ ಮಂಗ ಅಷ್ಟು ದಡ್ಡನಲ್ಲ. ನಾಲ್ಕು ದಿನ ಹೊಳಪಿಗೆ ಬೆದರೀತು, ಐದನೆಯ ದಿನ ಅದರಲ್ಲೇ ಮುಖ ನೋಡಿಕೊಂಡು ಬಾಳೆಗೊನೆಗೆ ಕೈ ಹಾಕೀತು. ಗುಜರಿಯ ಲೆಕ್ಕವೂ ಅಷ್ಟೇ: ಒಂದು ಸೀಡಿ ಸುಮಾರು 15 ಗ್ರಾಂ, ಇನ್ನೂರು ಸೇರಿದರೆ ಮೂರು ಕೆಜಿ ಪ್ಲಾಸ್ಟಿಕ್. ಅಪ್ಪಯ್ಯನ ಮೂವತ್ತು ವರ್ಷದ ಕಿವಿಯನ್ನು ತಕ್ಕಡಿಗೆ ಹಾಕುವ ಮೊದಲು ಇಷ್ಟು ಓದಿ.

ನಿಮ್ಮ ಮಗನ ಮಾತಿನಲ್ಲಿ ಹುರುಳಿಲ್ಲ ಎನ್ನುವುದಿಲ್ಲ. ಫೋನಿನಲ್ಲಿ ಹುಡುಕಿದ್ದು ಕ್ಷಣದಲ್ಲಿ ಸಿಗುತ್ತದೆ, ಕೇಳದ ಹಾಡೂ ಕಿವಿಗೆ ಬೀಳುತ್ತದೆ. 320 ಕಿಲೋಬಿಟ್‌ನ ಒಳ್ಳೆಯ ಕಡತಕ್ಕೂ ಸೀಡಿಗೂ ಇರುವ ವ್ಯತ್ಯಾಸ ಹೆಚ್ಚಿನವರ ಕಿವಿಗೆ ತಿಳಿಯುವುದೂ ಇಲ್ಲ. ಸೀಡಿಯ ಧ್ವನಿಯೇ ಬೇರೆ ಎಂದು ಜಗಳಕ್ಕೆ ನಿಲ್ಲುವವರ ಗುಂಪಿನಲ್ಲಿ ನಾವಿಲ್ಲ. ಆದರೆ ಫೋನಿನಲ್ಲಿ ಬರುವುದು ಅದೇ ಧ್ವನಿಮುದ್ರಣದ ಅದೇ ಪ್ರತಿ ಆಗಿರಬೇಕೆಂದಿಲ್ಲ. 1990ರ ದಶಕದಿಂದೀಚೆಗೆ ಹಳೆಯ ಮುದ್ರಣಗಳನ್ನು ಮತ್ತೆ ಹದ ಮಾಡಿ ಜೋರು ಮಾಡುವ ಚಾಳಿ ಬಂದಿದೆ. ಆಲಾಪದ ಪಿಸುಮಾತೂ ವೇಗದ ದ್ರುತ್‌ನ ತಾನೂ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತವೆ. ಹಕ್ಕಿನ ಒಪ್ಪಂದ ಮುಗಿದರೆ ನಿನ್ನೆ ಇದ್ದ ಹಾಡು ಇಂದು ಇರುವುದೂ ಇಲ್ಲ. ನಿಮ್ಮ ಅಟ್ಟದ ಮೇಲಿನದನ್ನು ಯಾರೂ ರಾತ್ರೋರಾತ್ರಿ ಬದಲಿಸುವುದಿಲ್ಲ. ಮಳೆಗೆ ಮೂರು ದಿನ ಟವರ್ ಸತ್ತರೂ ಅದು ಹಾಡುತ್ತದೆ, ಕರೆಂಟೊಂದು ಇದ್ದರೆ.

ನಮ್ಮ ಹಟ ಇರುವುದು ಇನ್ನೊಂದು ಕಡೆ. ಒಂದು ಭಾವಗೀತೆ ಸೀಡಿಯ ಹಿಂಬದಿ ನೋಡಿ: ಸಾಹಿತ್ಯ, ಸಂಗೀತ, ಗಾಯನ ಎಂದು ಮೂವರ ಹೆಸರು. ಕುಪ್ಪಳಿಯ ನೆರೆಯಲ್ಲಿರುವ ನಿಮಗೆ ಬಿಡಿಸಿ ಹೇಳಬೇಕೆ? ಫೋನಿನ ಪರದೆಯ ಮೇಲೆ ಎಷ್ಟೋ ಸಲ ಹಾಡಿದವರು ಇರುತ್ತಾರೆ, ಕುವೆಂಪು ಇರುವುದಿಲ್ಲ. ಹಿಂದೂಸ್ತಾನಿ ಸೀಡಿಯ ಪುಸ್ತಿಕೆ ತೆರೆಯಿರಿ. ರಾಗ, ತಾಳ, ತಬಲಾ ಯಾರು, ಹಾರ್ಮೋನಿಯಂ ಯಾರು, ತಂಬೂರಿ ಹಿಡಿದ ಶಿಷ್ಯ ಯಾರು, ಒಳ್ಳೆಯ ಪ್ರಕಾಶಕರಾದರೆ ಕಛೇರಿ ನಡೆದ ಊರು, ವರ್ಷ. ಫೋನಿನಲ್ಲಿ ತಬಲಾದವರನ್ನು ಹುಡುಕಿ ನೋಡಿ. ತಾಳದ ಮೊದಲ ಮಾತ್ರೆಯಾದ ಸಮ್ ಮೇಲೆ ಗಾಯಕರ ಜೊತೆ ಕರಾರುವಾಕ್ಕಾಗಿ ಬಂದು ಬಿದ್ದ ಆ ಪೆಟ್ಟಿಗೆ ದಿಕ್ಕುದೆಸೆಯಿಲ್ಲ.

1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮಫೋನ್ ತಟ್ಟೆಗಾಗಿ ಹಾಡಿದಾಗ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ "ನನ್ನ ಹೆಸರು ಗೌಹರ್ ಜಾನ್" ಎಂದು ಕೂಗಿ ಹೇಳುತ್ತಿದ್ದರು. ಅಚ್ಚು ಹೋಗಬೇಕಿದ್ದದ್ದು ಜರ್ಮನಿಯ ಹ್ಯಾನೋವರ್‌ಗೆ, ಅಲ್ಲಿ ಲೇಬಲ್ ಅಂಟಿಸುವವರಿಗೆ ಯಾವುದು ಯಾರದ್ದೆಂದು ತಿಳಿಯಬೇಕಲ್ಲ. ಅಂದಿನ ತಟ್ಟೆಗೆ ಮೂರು ನಿಮಿಷ ಚಿಲ್ಲರೆ ಆಯುಸ್ಸು. ಅದರಲ್ಲೂ ಹೆಸರಿಗೆ ಜಾಗ ಮಾಡಿಕೊಂಡಿದ್ದರು. ಮುಂದೆ ಎಲ್‌ಪಿ ಬಂತು, ಒಂದು ಬದಿಗೆ ಇಪ್ಪತ್ತು ಚಿಲ್ಲರೆ ನಿಮಿಷ. ನಿಧಾನಗತಿಯ ವಿಲಂಬಿತ್ ಕಾವೇರುವ ಹೊತ್ತಿಗೆ ಎದ್ದು ಮಗುಚಬೇಕು. ಫಿಲಿಪ್ಸ್ ಮತ್ತು ಸೋನಿ ಕೂಡಿ ರೂಪಿಸಿ 1982ರಲ್ಲಿ ಜಪಾನಿನ ಅಂಗಡಿಗೆ ಬಂದ ಸೀಡಿ 74 ನಿಮಿಷ ತಡೆಯಿಲ್ಲದೆ ಕೊಟ್ಟಿತು. ಬೇಥೋವನ್‌ನ ಒಂಬತ್ತನೆಯ ಸಿಂಫನಿ ಪೂರ್ತಿ ಹಿಡಿಯಲೆಂದೇ ತಟ್ಟೆಯನ್ನು 12 ಸೆಂ.ಮೀ. ಮಾಡಿದರು ಎಂಬ ಕಥೆ ಇದೆ. ಕೆಲಸ ಮಾಡಿದ ಎಂಜಿನಿಯರರೇ ಅದನ್ನು ಪೂರ್ತಿ ಒಪ್ಪುವುದಿಲ್ಲ. ಯಾರ ಸಲುವಾಗಿ ಆದರೂ ಸರಿ, ಲಾಭವಾದದ್ದು ನಮ್ಮ ಖಯಾಲ್‌ಗೆ.

ಈಗ ಬೂಷ್ಟಿನ ವಿಷಯ. ಸೀಡಿಯನ್ನು ಕೆಳಗಿಡುವಾಗ ಹೊಳೆಯುವ ಬದಿ ಮೇಲೆ ಬರುವ ಹಾಗೆ ಇಡುತ್ತೀರಿ, ಅಲ್ಲವೇ? ಎಲ್ಲರ ತಪ್ಪೂ ಅದೇ. ಹೊಳೆಯುವ ಬದಿಯಲ್ಲಿ 1.2 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಕಾವಲಿದೆ, ಪ್ಲೇಯರಿನ ಬೆಳಕು ಅದನ್ನು ದಾಟಿ ಹೋಗುತ್ತದೆ. ಹಾಡನ್ನು ಹೊತ್ತ ಅಲ್ಯೂಮಿನಿಯಂ ಪದರ ಇರುವುದು ಹೆಸರು ಅಚ್ಚಾದ ಬದಿಯ ಕೆಳಗೇ. ಅದಕ್ಕೆ ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ವಾರ್ನಿಷ್ ಹೊದಿಕೆ. ಅಲ್ಲಿ ಉಗುರು ತಾಗಿದರೆ, ಬಾಲ್‌ಪೆನ್ನಿನಲ್ಲಿ ಬರೆದರೆ, ಅಂಟಿಸಿದ ಚೀಟಿ ಕಿತ್ತರೆ ಹಾಡೇ ಕಿತ್ತು ಬರುತ್ತದೆ, ಅದಕ್ಕೆ ಮದ್ದಿಲ್ಲ. ತೇವ ನುಗ್ಗುವುದೂ ಅಂಚಿನಲ್ಲಿ ವಾರ್ನಿಷ್ ಬಿಟ್ಟ ಕಡೆಯಿಂದ. ಬೆಲೀಜ್ ಎಂಬ ಬಿಸಿ, ತೇವದ ದೇಶದಲ್ಲಿ ಸೀಡಿಯೊಂದನ್ನು ಜಿಯೋಟ್ರೈಕಮ್ ಜಾತಿಯ ಶಿಲೀಂಧ್ರ ಅಂಚಿನಿಂದ ಒಳಕ್ಕೆ ಕೊರೆದು ಅಲ್ಯೂಮಿನಿಯಂ ಹಾಳುಮಾಡಿದ್ದನ್ನು ಸ್ಪೇನಿನ ವಿಜ್ಞಾನಿಗಳು 2001ರಲ್ಲಿ ಹೇಳಿದ್ದರು. ಆಗುಂಬೆಯ ನೆರಳಿನಲ್ಲಿ ಕೂತವರು ಇದನ್ನು ದೂರದ ಸುದ್ದಿ ಎಂದುಕೊಳ್ಳಬಾರದು. ಆದರೂ ಗಾಬರಿ ಬೇಡ. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಮೇಲೆ ಕೂತ ಬೂಷ್ಟು, ಅದು ತೊಳೆದರೆ ಹೋಗುತ್ತದೆ.

ಬೋಗುಣಿಯಲ್ಲಿ ತಣ್ಣೀರು, ಪಾತ್ರೆ ತೊಳೆಯುವ ದ್ರವ ಎರಡೇ ಹನಿ. ಡಬ್ಬಿಯ ನಡುವಿನ ಗುಬ್ಬಿಯನ್ನು ಒಂದು ಬೆರಳಿನಲ್ಲಿ ಒತ್ತಿ ಡಿಸ್ಕ್ ತೆಗೆಯಿರಿ, ಬಗ್ಗಿಸಿ ಎಳೆಯಬೇಡಿ. ಅದ್ದಿ, ಹಳೆಯ ಮಲ್ ಪಂಚೆಯ ತುಂಡಿನಿಂದ ನಡುವಿನಿಂದ ಅಂಚಿನ ಕಡೆಗೆ ನೇರ ಗೆರೆಯಲ್ಲಿ ಒರೆಸಿ, ತಟ್ಟೆ ತೊಳೆದ ಹಾಗೆ ಸುತ್ತ ತಿರುಗಿಸಬೇಡಿ. ಹಾಡು ಒಳಗಿನಿಂದ ಹೊರಕ್ಕೆ 1.6 ಮೈಕ್ರಾನ್ ಅಂತರದ ಒಂದೇ ಸುರುಳಿಯಾಗಿ ಸಾಗುತ್ತದೆ, ಬಿಡಿಸಿ ಎಳೆದರೆ ಐದು ಕಿಲೋಮೀಟರ್ ದಾಟುತ್ತದೆ. ಆ ದಾರಿಯಲ್ಲಿ ಸುಮಾರು ಎರಡೂವರೆ ಮಿ.ಮೀ. ಉದ್ದದಷ್ಟು ಅಳಿಸಿಹೋದರೂ ಪ್ಲೇಯರ್ ಲೆಕ್ಕಹಾಕಿ ತುಂಬಿಕೊಳ್ಳುತ್ತದೆ. ಅಡ್ಡ ಗೀರು ಪ್ರತಿ ಸುತ್ತಿನಲ್ಲೂ ಚೂರೇ ಚೂರು ಕೆಡಿಸುತ್ತದೆ, ಅದು ದಕ್ಕುತ್ತದೆ. ಸುತ್ತು ಗೀರು ಒಂದೇ ಕಡೆ ಉದ್ದಕ್ಕೆ ಕೆಡಿಸುತ್ತದೆ, ಎಗರುವುದು ಅದಕ್ಕೇ. ಆಮೇಲೆ ಬರೀ ನೀರಲ್ಲಿ ತೊಳೆದು ನೆರಳಲ್ಲಿ ಒರಗಿಸಿ ಒಣಗಿಸಿ. ಥಿನ್ನರ್, ಪೆಟ್ರೋಲ್ ಹತ್ತಿರ ತರಬೇಡಿ, ಪ್ಲಾಸ್ಟಿಕ್ ಮಂಜಾಗುತ್ತದೆ. ಟೂತ್‌ಪೇಸ್ಟಿನ ಉಪಾಯ ಸುಳ್ಳಲ್ಲ, ಗೀರಿನ ಅಂಚು ಸವೆಯುತ್ತದೆ. ಆದರೆ ಅದು ಹೊಳೆಯುವ ಬದಿಗೆ ಮಾತ್ರ, ಬೇರೆ ದಾರಿ ಇಲ್ಲದಾಗ.

ಎಗರುವುದೆಲ್ಲ ಡಿಸ್ಕಿನ ತಪ್ಪೂ ಅಲ್ಲ. ಒಂದೇ ಸೀಡಿ ಒಂದೇ ಜಾಗದಲ್ಲಿ ಎಗರಿದರೆ ಡಿಸ್ಕ್. ಎಲ್ಲ ಸೀಡಿಗಳೂ ಎಗರಿದರೆ, ಮೊದಲ ಹಾಡನ್ನೇ ಓದದಿದ್ದರೆ, ಪ್ಲೇಯರಿನ ಲೆನ್ಸಿಗೆ ಧೂಳೋ ಬೂಷ್ಟೋ ಕೂತಿದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಚೂರು ತೇವ ಮಾಡಿದ ಹತ್ತಿಕಡ್ಡಿ ಸಾಕು, ಒತ್ತಬಾರದು. ಟ್ರೇ ಹೊರಗೆ ಬಾರದೆ ಗುರುಗುಟ್ಟಿದರೆ ರಬ್ಬರ್ ಬೆಲ್ಟ್ ಸಡಿಲಾಗಿದೆ, ಇಡೀ ಪ್ಲೇಯರ್ ಎಸೆಯಬೇಕಾಗಿಲ್ಲ.

ಸೀಡಿಗಳನ್ನು ಬೇರೆ ಮಾಡುವಾಗ ಹೊಳೆಯುವ ಬದಿ ಬೆಳ್ಳಿ ಬಣ್ಣವೋ, ಹಸಿರು ಅಥವಾ ನೀಲಿ ಛಾಯೆಯೋ ನೋಡಿ. ಬೆಳ್ಳಿಯದು ಕಾರ್ಖಾನೆಯಲ್ಲಿ ಅಚ್ಚೊತ್ತಿದ್ದು, ಜೋಪಾನ ಮಾಡಿದರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇದ್ದೀತು. ಛಾಯೆ ಇರುವುದು ಯಾರೋ ರೈಟ್ ಮಾಡಿಕೊಟ್ಟದ್ದು. ಅದರಲ್ಲಿ ಹಾಡು ಕೂತಿರುವುದು ಸಾವಯವ ಬಣ್ಣದ ಪದರದಲ್ಲಿ, ಬಿಸಿಲಿಗೂ ಸೆಕೆಗೂ ಅದು ಮಾಸುತ್ತದೆ. ಮನೆಯ ಮದುವೆಯಲ್ಲಿ ಹಾಡಿದ್ದು, ಊರ ಯಕ್ಷಗಾನದ ಆಟದ್ದು ಸಾಮಾನ್ಯವಾಗಿ ಇದರಲ್ಲೇ ಇರುತ್ತದೆ, ಇನ್ನೆಲ್ಲೂ ಇರುವುದಿಲ್ಲ. ಆದ್ದರಿಂದ ಕಂಪ್ಯೂಟರಿಗೆ ಇಳಿಸುವ ಕೆಲಸ ಅಲ್ಲಿಂದ ಶುರುವಾಗಲಿ. ಹೊರಗಿನಿಂದ ಜೋಡಿಸುವ ಡಿವಿಡಿ ಡ್ರೈವ್, ಎಕ್ಸಾಕ್ಟ್ ಆಡಿಯೋ ಕಾಪಿ ಎಂಬ ಉಚಿತ ತಂತ್ರಾಂಶ ಸಾಕು. ಓದಲು ಕಷ್ಟವಾದ ಜಾಗವನ್ನು ಅದು ಮತ್ತೆ ಮತ್ತೆ ಓದಿ ತಾಳೆ ನೋಡುತ್ತದೆ. ಎಂಪಿ3 ಬೇಡ, ಧ್ವನಿಯ ಏನನ್ನೂ ಕಳೆಯದೆ ಕಡತ ಕಿರಿದಾಗಿಸುವ ಫ್ಲ್ಯಾಕ್ ಇರಲಿ. ಗಂಟೆಯ ಸೀಡಿ 350 ಎಂಬಿ ಆಸುಪಾಸು, ಇನ್ನೂರಕ್ಕೆ 70 ಜಿಬಿ. ಎರಡು ಕಡೆ ಪ್ರತಿ ಇಡಿ. ಹೆಸರುಗಳನ್ನು ತಂತ್ರಾಂಶ ತಾನೇ ಅಂತರ್ಜಾಲದಿಂದ ತಂದರೆ ನಂಬಬೇಡಿ, ಪುಸ್ತಿಕೆ ಮುಂದಿಟ್ಟುಕೊಂಡು ಕನ್ನಡದಲ್ಲೇ ತುಂಬಿ, ತಬಲಾದವರನ್ನೂ ಸೇರಿಸಿ. ಈ ಕೆಲಸವನ್ನು ಮಗನಿಗೆ ವಹಿಸಿ. ಇಪ್ಪತ್ತು ಸೀಡಿ ಆಗುವಷ್ಟರಲ್ಲಿ ಗುಜರಿ ಮಾತು ನಿಲ್ಲುತ್ತದೆ.

ಅಟ್ಟದ ಮೇಲೆ ಮಾತ್ರ ಮತ್ತೆ ಇಡಬೇಡಿ. ಕೆಳಗೆ ಒಲೆಯ ಹೊಗೆ, ಮೇಲೆ ಹೆಂಚಿನ ಕಾವು, ಮಳೆಗಾಲದಲ್ಲಿ ಶೇಕಡ 90 ದಾಟುವ ತೇವ. ಸೀಡಿಗೆ ಹಿತ ಶೇಕಡ 30ರಿಂದ 50. ಗೋಡೆಗೆ ತಾಗದ ಕಪಾಟಿನಲ್ಲಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ನಿಲ್ಲಿಸಿ ಇಡಿ, ಐವತ್ತಕ್ಕೆ 100 ಗ್ರಾಂ ತೇವ ಹೀರುವ ಸಿಲಿಕಾ ಜೆಲ್ ಹಾಕಿ. ನೀಲಿ ಹರಳು ಗುಲಾಬಿಗೆ ತಿರುಗಿದಾಗ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ನೀಲಿ, ಅಡುಗೆಯ ಬಾಣಲೆ ಮಾತ್ರ ಬಳಸಬೇಡಿ. ಪುಸ್ತಿಕೆ ಪೂರ್ತಿ ಒಣಗದೆ ಡಬ್ಬಿಗೆ ಸೇರಬಾರದು. ಹಳೆಯ ಪೆಟ್ಟಿಗೆ ಸೆಟ್ಟುಗಳಲ್ಲಿ ಮೆತ್ತನೆಯ ಸ್ಪಂಜು ಇದ್ದರೆ ಇವತ್ತೇ ಬಿಸಾಡಿ, ಅದು ಕರಗಿ ಲೇಬಲ್ಲಿಗೆ ಅಂಟಿಕೊಳ್ಳುತ್ತದೆ.

ಹೆಸರಿನ ಮಾತಿಗೆ ಮತ್ತೆ ಬರುತ್ತೇವೆ, ಕ್ಷಮಿಸಿ. ಇದು ಫೋನೊಂದರ ದೋಷವಲ್ಲ. ಆಟದ ಕರಪತ್ರದಲ್ಲಿ ಪ್ರಾಯೋಜಕರ ಫೋಟೋ ಅಂಗೈಯಷ್ಟು, ಮದ್ದಲೆ ಚೆಂಡೆಯವರು "ಹಿಮ್ಮೇಳ" ಎಂಬ ಒಂದೇ ಪದದೊಳಗೆ. ಎಷ್ಟೋ ಪುಸ್ತಕಗಳ ಮುಖಪುಟದಲ್ಲಿ ಅನುವಾದಕರಿಗೆ ಜಾಗವಿಲ್ಲ. ಭಾವಗೀತೆ ಕಾರ್ಯಕ್ರಮದ ನಿರೂಪಕರು ಕವಿಯ ಹೆಸರು ಬಿಟ್ಟು ಮುಂದಿನ ಅತಿಥಿಗೆ ಹಾರುತ್ತಾರೆ, ಸಭೆಯಲ್ಲಿ ಯಾರೂ ಕೇಳುವುದಿಲ್ಲ. ನೂರು ರೂಪಾಯಿ ಚಿಲ್ಲರೆಯ ಸೀಡಿ ಮಡಿಸಿದ ಒಂದು ಹಾಳೆಯಲ್ಲಿ ಮಾಡುತ್ತಿದ್ದ ಮರ್ಯಾದೆ ಇದು.

ತೋಟದಿಂದ ತಂದ ಹತ್ತನ್ನು ಬಲ್ಬಿಗೆ ಎದುರು ಹಿಡಿದು ನೋಡಿ. ಸೂಜಿಮೊನೆಯ ಬೆಳಕು ಅಲ್ಲೊಂದು ಇಲ್ಲೊಂದು ಕಂಡರೆ ಚಿಂತೆಯಿಲ್ಲ, ತೊಳೆದು ಹಾಕಿ ನೋಡಿ, ಹಾಡೀತು. ಜರಡಿಯಂತೆ ತೂತು ಕಂಡರೆ, ಬೆಳ್ಳಿ ಹಕ್ಕಳೆ ಎದ್ದಿದ್ದರೆ ಅದರ ಕಥೆ ಮುಗಿಯಿತು. ಅವನ್ನು ಬೇಕಾದರೆ ಮತ್ತೆ ಮಂಗಕ್ಕೇ ಕಟ್ಟಿ. ಪುಸ್ತಿಕೆ ಒಳಗಿರಲಿ.