ಅದು ಜರಿಗಿಡದ ಪಳೆಯುಳಿಕೆ ಅಲ್ಲ, ಮ್ಯಾಂಗನೀಸ್ ಕಲೆ ಇರಬೇಕು

ಗೊರೂರಿನ ಹತ್ತಿರ ಪಾಯ ತೆಗೆಯುವಾಗ ಸಿಕ್ಕಿದ ಕಲ್ಲಿನ ಮೇಲಿನ ಕಪ್ಪು ಜರಿಗಿಡದ ಗುರುತು ಪೇಲಿಯೋಸೀನ್ ಕಾಲದ್ದಾ ಎಂದು ಕೇಳಿದ್ದೀರಿ. ಬಹುಮಟ್ಟಿಗೆ ಅದು ಬಿರುಕಿನಲ್ಲಿ ನೀರು ಇಳಿದು ಬಿಟ್ಟುಹೋದ ಮ್ಯಾಂಗನೀಸ್ ಆಕ್ಸೈಡ್, ಡೆಂಡ್ರೈಟ್ ಅಂತಾರೆ. ಪೇಲಿಯೋಸೀನ್ ಅಂದರೆ 6.6ರಿಂದ 5.6 ಕೋಟಿ ವರ್ಷ ಹಿಂದೆ. ಹಾಸನ-ಗೊರೂರು ಕಡೆಯ ನೈಸ್ (gneiss) ಎಂಬ ಪಟ್ಟೆಪಟ್ಟೆ ಕಲ್ಲು 300 ಕೋಟಿ ವರ್ಷಕ್ಕೂ ಹಳೆಯದು, ಆಗ ಎಲೆ ಅನ್ನೋದೇ ಇರಲಿಲ್ಲ. ಲಾರಿಯಲ್ಲಿ ಬೇರೆ ಕಡೆಯಿಂದ ಬಂದ ಕಲ್ಲಾದರೆ ಮಾತ್ರ ಈ ಲೆಕ್ಕ ನಡೆಯಲ್ಲ.

ಮೊದಲು ಕಲ್ಲಿನ ಮಣ್ಣು ಪೂರ್ತಿ ತೊಳೆದು ಒಣಗಿಸಿ. 10 ಪಟ್ಟಿನ ಲೆನ್ಸ್ ಹಿಡಿದು ನೋಡಿ: ಜರಿಯಾದರೆ ನಡುದಂಟು, ಅದರ ಎರಡೂ ಬದಿ ಅಳತೆ ಇಟ್ಟಂತೆ ಕಿರುಎಲೆ. ಡೆಂಡ್ರೈಟ್ ಬಿರುಕಿನ ಗೆರೆಯಿಂದ ಹುಟ್ಟಿ ಅಡ್ಡಾದಿಡ್ಡಿ ಕವಲೊಡೆಯುತ್ತಾ ಹೋಗುತ್ತದೆ, ನರ ಇರಲ್ಲ. ಆಮೇಲೆ ಮೂಲೆಯ ಕಪ್ಪಿನ ಮೇಲೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಒಂದೇ ಹನಿ ಬಿಡಿ. ನೊರೆ ಎದ್ದರೆ ಮ್ಯಾಂಗನೀಸ್ ಇರೋದು ಹೆಚ್ಚುಕಮ್ಮಿ ಖಾತ್ರಿ. ಪದರ ತೀರಾ ತೆಳುವಾದರೆ ಗುಳ್ಳೆ ಕಣ್ಣಿಗೆ ಕಾಣಲ್ಲ, ಲೆನ್ಸಲ್ಲೇ ನೋಡಿ. ಮಣ್ಣು ಉಳಿದಿದ್ದರೆ ಅದೂ ನೊರೆ ಬರಿಸುತ್ತೆ. ಆಸಿಡ್ ಹಾಕಬೇಡಿ.

ನಡುದಂಟು ಕಂಡು ನೊರೆಯೂ ಬರದಿದ್ದರೆ, ಪಕ್ಕದಲ್ಲಿ ಸ್ಕೇಲ್ ಇಟ್ಟು ಎರಡೂ ಬದಿಯ ಫೋಟೋ ಹಾಕಿ.