ಅರಾಮಿಕ್ ಭಾಷೆಯಲ್ಲಿ ದೇವರಿಗೆ ಏನೆನ್ನುತ್ತಾರೆ? ಅದೂ ‘ಅಲ್ಲಾಹ್’ ಶಬ್ದವೂ ಒಂದೇ ಎನ್ನುವುದು ನಿಜವೇ?

ಯೇಸುವಿನ ಆಡುನುಡಿಯಾಗಿದ್ದ ಅರಾಮಿಕ್‌ನಲ್ಲಿ ದೇವರನ್ನು ಯಾವ ಶಬ್ದದಿಂದ ಕರೆಯುತ್ತಿದ್ದರು, ಅದೂ ಅರಬ್ಬಿಯ ‘ಅಲ್ಲಾಹ್’ ಶಬ್ದವೂ ಒಂದೇ ಹೌದೇ ಎಂದು ನೀವು ಕೇಳಿದ್ದೀರಿ. ಹಳೆಯ ಅರಾಮಿಕ್‌ನಲ್ಲಿ ಆ ಶಬ್ದ ‘ಎಲಾಹ್’ ಅಥವಾ ‘ಎಲಾಹಾ’; ಪೂರ್ವದ ಕ್ರೈಸ್ತ ಚರ್ಚುಗಳ ಭಾಷೆಯಾದ ಸಿರಿಯಾಕ್‌ನಲ್ಲಿ (ಅದೂ ಅರಾಮಿಕ್‌ನ ಒಂದು ಪ್ರಭೇದವೇ) ಅದರ ರೂಪ ‘ಅಲಾಹಾ’. ಅರಬ್ಬಿಯ ಶಬ್ದಕ್ಕೂ ಇದಕ್ಕೂ ಬೇರು ಒಂದೇ, ಆದರೆ ಕಟ್ಟಡ ಬೇರೆ. ಆ ವ್ಯತ್ಯಾಸವಿರುವುದು ಕೊನೆಯ ‘ಆ’ಕಾರದಲ್ಲಿ.

ಅರಾಮಿಕ್‌ನಲ್ಲಿ ನಾಮಪದದ ಕೊನೆಗೆ ‘ಆ’ ಸೇರಿದರೆ ಮೂಲತಃ ‘ಆ ನಿರ್ದಿಷ್ಟ ವಸ್ತು’ ಎಂಬ ಅರ್ಥ ಬರುತ್ತಿತ್ತು: ‘ಕ್ತಾಬ್’ ಎಂದರೆ ಯಾವುದೋ ಒಂದು ಪುಸ್ತಕ, ‘ಕ್ತಾಬಾ’ ಎಂದರೆ ಗೊತ್ತಿರುವ ಆ ಪುಸ್ತಕ. ಉತ್ತರ ಕರ್ನಾಟಕದ ಮಾತಿನಲ್ಲಿರುವ ‘ಕಿತಾಬು’ ಇದೇ ಬೇರಿನ ಅರಬ್ಬಿ ಶಬ್ದದಿಂದ ಬಂದದ್ದು. ಅರಬ್ಬಿಯಲ್ಲಾದರೋ ಇದೇ ಕೆಲಸವನ್ನು ಶಬ್ದದ ಮೊದಲಿಗೆ ಬರುವ ‘ಅಲ್’ ಮಾಡುತ್ತದೆ: ‘ಅಲ್-ಕಿತಾಬ್’. ಹಾಗೆಯೇ ಅರಾಮಿಕ್‌ನ ‘ಎಲಾಹ್’ ಹಿಂದಿನಿಂದ ‘ಆ’ ಪಡೆದು ‘ಎಲಾಹಾ’ ಆಯಿತು, ಅರಬ್ಬಿಯ ‘ಇಲಾಹ್’ ಮುಂದಿನಿಂದ ‘ಅಲ್’ ಪಡೆದು, ‘ಅಲ್-ಇಲಾಹ್’ ಎಂಬುದು ಸವೆದು ‘ಅಲ್ಲಾಹ್’ ಆಯಿತು ಎಂಬುದು ಹೆಚ್ಚು ಮಂದಿ ಒಪ್ಪುವ ವಿವರಣೆ. ಅರಬ್ಬಿಯ ಶಬ್ದ ಸಿರಿಯಾಕ್‌ನಿಂದಲೇ ಎರವಲಾಗಿ ಬಂತು ಎಂಬ ವಾದವೂ ಇದೆಯಾದರೂ, ಅರಬ್ಬಿಯ ಒಳಗೇ ಇಷ್ಟು ಸರಳವಾದ ವಿವರಣೆ ಸಿಗುವಾಗ ಆ ವಾದ ನನಗೆ ಅನಗತ್ಯವೆನಿಸುತ್ತದೆ. ಕನ್ನಡದ ‘ಹಾಲು’ ಮತ್ತು ತಮಿಳಿನ ‘ಪಾಲ್’ ಹೇಗೆ ಒಂದೇ ಮೂಲದ ಸೋದರ ಶಬ್ದಗಳೋ, ‘ಎಲಾಹ್’ ಮತ್ತು ‘ಇಲಾಹ್’ ಹಾಗೆ. ಆದ್ದರಿಂದ ‘ಯೇಸು ಅಲ್ಲಾಹ್ ಎನ್ನುತ್ತಿದ್ದ’ ಎಂಬ ಮಾತನ್ನು ಅಕ್ಷರಶಃ ಒಪ್ಪುವಂತಿಲ್ಲ; ಎರಡೂ ಶಬ್ದಗಳಿಗೆ ಸಂಬಂಧವೇ ಇಲ್ಲ ಎಂದು ಸಿಟ್ಟಿನಿಂದ ನಿರಾಕರಿಸುವುದೂ ತಪ್ಪು.

‘ಎಲಾಹ್’ ಒಬ್ಬ ದೇವರ ಹೆಸರಲ್ಲ, ಸಾಮಾನ್ಯ ನಾಮಪದ. ಹೀಬ್ರೂ ಗ್ರಂಥವಾದ ಯೆರೆಮೀಯದಲ್ಲಿ 10ನೆಯ ಅಧ್ಯಾಯದ 11ನೆಯ ವಚನವೊಂದು ಮಾತ್ರ ಅರಾಮಿಕ್‌ನಲ್ಲಿದೆ. ಆಕಾಶವನ್ನೂ ಭೂಮಿಯನ್ನೂ ಉಂಟುಮಾಡದ ದೇವತೆಗಳು ನಾಶವಾಗುವರು ಎನ್ನುವ ಆ ವಚನದಲ್ಲಿ ಇದೇ ಶಬ್ದದ ಬಹುವಚನವಾದ ‘ಎಲಾಹಯ್ಯಾ’ ಸುಳ್ಳು ದೇವರುಗಳನ್ನು ಸೂಚಿಸುತ್ತದೆ. ಅತ್ತ ನೈಲ್ ನದಿಯ ಎಲಿಫೆಂಟೈನ್ ದ್ವೀಪದಲ್ಲಿದ್ದ ಯೆಹೂದಿಗಳು, ಕೆಡವಲ್ಪಟ್ಟ ತಮ್ಮ ದೇವಾಲಯವನ್ನು ಮತ್ತೆ ಕಟ್ಟಲು ನೆರವು ಬೇಡಿ ಕ್ರಿ.ಪೂ. 407ರಲ್ಲಿ ಯೆಹೂದದ ರಾಜ್ಯಪಾಲನಿಗೆ ಬರೆದ ಪತ್ರದಲ್ಲಿ ತಮ್ಮ ದೇವರನ್ನು ‘ಎಲಾಹ್ ಶೆಮಯ್ಯಾ’, ಅಂದರೆ ಸ್ವರ್ಗದ ದೇವರು ಎಂದು ಕರೆದಿದ್ದಾರೆ.

ಇಲ್ಲಿ ಕನ್ನಡಿಗರಿಗೆ ಸುಲಭವಾಗಿ ಹೊಳೆಯುವ ಒಂದು ಸಂಗತಿಯನ್ನು ಹೇಳಬೇಕು. ಹೀಬ್ರೂವಿನ ‘ಎಲೋಹೀಮ್’ ರೂಪದಲ್ಲಿ ಬಹುವಚನ, ಆದರೆ ಇಸ್ರಾಯೇಲರ ದೇವರನ್ನು ಕುರಿತಾಗ ಅದರ ಕ್ರಿಯಾಪದ ಸಾಮಾನ್ಯವಾಗಿ ಏಕವಚನದಲ್ಲಿರುತ್ತದೆ. ಇದು ಅನೇಕರಿಗೆ ದೊಡ್ಡ ಒಗಟಾಗಿ ಕಾಣುತ್ತದೆ; ‘ದೇವರು ಇದ್ದಾನೆ’, ‘ದೇವರು ಕೊಡುತ್ತಾನೆ’ ಎಂದು ದಿನವೂ ಹೇಳುವ ನಮಗೆ ಅದರಲ್ಲಿ ಅಚ್ಚರಿಯೇನಿಲ್ಲ. ಅರಾಮಿಕ್‌ಗೆ ಈ ಗೌರವದ ಬಹುವಚನ ಬೇಕಾಗಲಿಲ್ಲ. ‘ಎಲಾಹಾ’ ನೇರ ಏಕವಚನ.

ಶಿಲುಬೆಯ ಮೇಲಿನ ಯೇಸುವಿನ ಕೂಗನ್ನು, ಗ್ರೀಕ್‌ನಲ್ಲಿ ಬರೆದ ಮಾರ್ಕನ ಸುವಾರ್ತೆ ಅರಾಮಿಕ್‌ನಲ್ಲೇ ಉಳಿಸಿದೆ: ‘ಎಲೋಹೀ, ಎಲೋಹೀ, ಲಮಾ ಸಬಕ್ತಾನೀ’. ಕೊನೆಯ ‘ಈ’ ಎಂದರೆ ‘ನನ್ನ’, ಹಾಗಾಗಿ ‘ನನ್ನ ದೇವರೇ’. ಅರಾಮಿಕ್‌ನಲ್ಲಿ ಅದು ‘ಎಲಾಹೀ’ ಆಗಬೇಕು; ಗ್ರೀಕ್ ಬರಹದಲ್ಲಿ ‘ಆ’ ಇದ್ದಲ್ಲಿ ‘ಓ’ ಬಂದಿದೆ. ಮತ್ತಾಯನಲ್ಲಿ ಅದೇ ಕೂಗು ‘ಏಲೀ’ ಎಂದಾಗಿದೆ, ಅದು ದೇವರನ್ನೇ ಸೂಚಿಸುವ ‘ಏಲ್’ ಎಂಬ ಚಿಕ್ಕ ಶಬ್ದದಿಂದ ಬಂದದ್ದು.

ಈ ಶಬ್ದ ಇಂದಿಗೂ ಬಾಯಲ್ಲಿದೆ, ಅದೂ ನಮ್ಮ ನೆರೆಯಲ್ಲೇ. ಕೇರಳದಲ್ಲಿ ಸಿರಿಯಾಕ್ ಪೂಜೆಗೆ ಹೋಗಿ ನಿಂತಾಗ, ‘ಪರಿಶುದ್ಧನಾದ ದೇವರೇ’ ಎಂಬ ಸ್ತೋತ್ರ ಸಿರೋ-ಮಲಬಾರ್ ಚರ್ಚಿನಲ್ಲಿ ‘ಕಂದೀಶಾ ಅಲಾಹಾ’ ಎಂದೂ ಮಲಂಕರ ಪರಂಪರೆಯ ಚರ್ಚಿನಲ್ಲಿ ‘ಕದ್ದೀಶತ್ ಅಲೋಹೋ’ ಎಂದೂ ನನ್ನ ಕಿವಿಗೆ ಬಿತ್ತು. ಬರೆಯುವ ಅಕ್ಷರಗಳು ಎರಡರಲ್ಲೂ ಅವೇ ನಾಲ್ಕು, ಬಲದಿಂದ ಎಡಕ್ಕೆ ಆಲಫ್, ಲಾಮದ್, ಹೇ, ಆಲಫ್. ಸಿರೋ-ಮಲಬಾರ್‌ನವರ ಪೂರ್ವ ಸಿರಿಯಾಕ್ ಉಚ್ಚಾರಣೆಯ ದೀರ್ಘ ‘ಆ’ ಮಲಂಕರದವರ ಪಶ್ಚಿಮ ಸಿರಿಯಾಕ್ ಉಚ್ಚಾರಣೆಯಲ್ಲಿ ‘ಓ’ ಆಗುತ್ತದೆ, ಅಷ್ಟೇ. ಪುಸ್ತಕದಲ್ಲಿ ಓದಿ ತಿಳಿದಿದ್ದ ಈ ಭೇದವನ್ನು ಜನರ ಕಂಠದಲ್ಲಿ ಕೇಳಿದ ದಿನ ನನಗಾದ ಸಂತೋಷ ಇನ್ನೂ ಹಾಗೆಯೇ ಇದೆ.

ಬೇರೆ ಹೆಸರುಗಳೂ ಇವೆ. ಸಿರಿಯಾಕ್ ಬೈಬಲಾದ ಪೆಶಿತ್ತಾ ಯೆಹೋವ ಎಂಬ ಹೆಸರಿದ್ದಲ್ಲಿ ‘ಮಾರ್ಯಾ’ (ಒಡೆಯ) ಎಂದು ಬರೆಯುತ್ತದೆ, ಯೆಹೂದಿಗಳ ಧರ್ಮಗ್ರಂಥವಾದ ಬಾಬಿಲೋನಿನ ತಾಲ್ಮುದ್ ‘ರಹ್ಮಾನಾ’ (ಕರುಣಾಮಯಿ) ಎನ್ನುತ್ತದೆ, ಇರಾಕ್ ಮತ್ತು ಇರಾನ್ ಮೂಲದ ಪುಟ್ಟ ಧಾರ್ಮಿಕ ಸಮುದಾಯವಾದ ಮಂದಾಯಿಗಳು ‘ಹಯ್ಯೀ ರಬ್ಬೀ’ (ಮಹಾಜೀವ) ಎನ್ನುತ್ತಾರೆ. ನೀವು ಕನ್ನಡದಲ್ಲಿ ಬರೆಯುವಾಗ ಬೈಬಲ್ಲಿನ ಅರಾಮಿಕ್ ಭಾಗಗಳ ಸಂದರ್ಭದಲ್ಲಿ ‘ಎಲಾಹಾ’ ಎಂದೂ ಸಿರಿಯಾಕ್ ಚರ್ಚಿನ ಸಂದರ್ಭದಲ್ಲಿ ‘ಅಲಾಹಾ’ ಎಂದೂ ಬರೆಯಿರಿ. ‘ಲ’ಕಾರಕ್ಕೆ ಒತ್ತು ಕೊಡಬೇಡಿ.