ದೇವರನ್ನು ನಂಬದಿದ್ದರೆ ಬದುಕು ಹದ ತಪ್ಪುತ್ತದಾ?

ನಿಮ್ಮ ಪ್ರಶ್ನೆ ಇಷ್ಟು: ನಿಮಗೆ ಮೂವತ್ತು ದಾಟಿದೆ, ದೇವರ ಮೇಲಿನ ನಂಬಿಕೆ ಹೋಗಿದೆ, ಪೂಜೆ ವ್ರತ ಎಲ್ಲ ಬಿಟ್ಟಿದ್ದೀರಿ. "ದೇವರು ದಿಂಡರು ಬೇಡ ಅಂದವನ ಬದುಕು ಒಂದಲ್ಲ ಒಂದು ದಿನ ಹಳಿ ತಪ್ಪುತ್ತದೆ" ಎಂದು ಅಮ್ಮ ಹೇಳುತ್ತಾರೆ. ಅದು ನಿಜವಾ ಎಂದು ಕೇಳಿದ್ದೀರಿ.

ಮತ, ದೇವರು ಬೇಕೇ ಬೇಕು ಅಂತೇನಿಲ್ಲ. ನಾನೂ ನಂಬುವವನಲ್ಲ. ಆದರೆ ಅಮ್ಮನ ಮಾತನ್ನು ತಳ್ಳಿಹಾಕಬೇಡಿ. ಅವರ ಭಯಕ್ಕೆ ಕಾರಣ ಇದೆ. ಅದು ಏನೆಂದು ಹೇಳಲು ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ.

ನಾನು ಕಾಸರಗೋಡಿನವನು. ಕನ್ನಡ ಮಾಧ್ಯಮ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತನಾದ ಮೇಲೆ ಪಂಚಾಯತಿನ ಪಾಲಿಯೇಟಿವ್ ತಂಡದ ಜೊತೆ ಹೋಗುತ್ತಿದ್ದೇನೆ. ವಾಸಿಯಾಗದ ಕಾಯಿಲೆಯವರು, ಹಾಸಿಗೆ ಹಿಡಿದವರು ಇರುವ ಮನೆಗೇ ಹೋಗಿ ಆರೈಕೆ ಮಾಡುವ ವ್ಯವಸ್ಥೆ ಇದು. ಕೇರಳದಲ್ಲಿ 1993ರಲ್ಲಿ ಕಲ್ಲಿಕೋಟೆಯ ಮೆಡಿಕಲ್ ಕಾಲೇಜಿನಲ್ಲಿ ಶುರುವಾದ ಕೆಲಸ ಹಳ್ಳಿಹಳ್ಳಿಗೆ ಹರಡಿತು. 2008ರಲ್ಲಿ ರಾಜ್ಯ ಸರಕಾರ ಅದಕ್ಕೆಂದೇ ಒಂದು ನೀತಿ ಮಾಡಿತು. ಜೀಪಿನಲ್ಲಿ ನರ್ಸ್, ಆಶಾ ಕಾರ್ಯಕರ್ತೆ, ನನ್ನಂಥ ಒಬ್ಬಿಬ್ಬರು ಇರುತ್ತೇವೆ. ನರ್ಸ್ ಕ್ಯಾಥೆಟರ್ ಬದಲಿಸುತ್ತಾರೆ, ಬೆನ್ನಿನ ಹುಣ್ಣು ತೊಳೆದು ಕಟ್ಟುತ್ತಾರೆ. ನಾವು ಮನೆಯವರ ಜೊತೆ ಕೂತು ಮಾತಾಡುತ್ತೇವೆ. ಹಿಂದೂ, ಮುಸ್ಲಿಂ, ಕ್ರೈಸ್ತ, ದೇವರೇ ಇಲ್ಲ ಅನ್ನುವವರು, ಎಲ್ಲರ ಒಳಕೋಣೆಗೂ ಹೋಗಬೇಕಾದ ಕೆಲಸ. ಸುಖದ ದಿನಗಳಲ್ಲಿ ಎಲ್ಲರ ಬದುಕೂ ಹದವಾಗಿಯೇ ಕಾಣುತ್ತದೆ. ನಿಜ ಗೊತ್ತಾಗುವುದು ಇಂಥ ಮನೆಗಳಲ್ಲಿ.

ಗೇರು ಗುಡ್ಡೆಯ ಬದಿಯಲ್ಲಿ ಒಂದು ಮನೆ ಇದೆ. ಮಗಳಿಗೆ ಇಪ್ಪತ್ತೈದು ದಾಟಿದೆ. ಹುಟ್ಟಿದಾಗಿನಿಂದ ತಾನಾಗಿ ಎದ್ದು ಕೂತವಳಲ್ಲ. ಎಲ್ಲದಕ್ಕೂ ಅಮ್ಮನೇ ಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಸೊಂಟ, ಬೆನ್ನು ಹುಣ್ಣಾಗುತ್ತದೆ. ಗಂಜಿಯನ್ನು ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿ, ತಲೆ ಎತ್ತಿ ಹಿಡಿದು, ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕೊಡಬೇಕು. ಅವಸರ ಮಾಡಿದರೆ ನೆತ್ತಿಗೆ ಹತ್ತುತ್ತದೆ. ರಾತ್ರಿಯ ನಿದ್ದೆಯೂ ತುಂಡು ತುಂಡು. ಮುಸ್ಸಂಜೆಗೆ ಆಕೆ ಕೈಕಾಲು ಮುಖ ತೊಳೆದು, ಬೇರೆ ಸೀರೆ ಉಟ್ಟು, ತುಳಸಿಕಟ್ಟೆಗೆ ದೀಪ ಇಡುತ್ತಾರೆ. ಬತ್ತಿ ಹೊಸೆದು, ಎಣ್ಣೆ ಎರೆದು, ಒಂದು ಸುತ್ತು ಬಂದು, ಕೈಮುಗಿದು ನಿಲ್ಲುತ್ತಾರೆ. "ದೇವರ ಹತ್ತಿರ ಏನು ಕೇಳುತ್ತೀರಿ ಅಕ್ಕಾ?" ಎಂದು ಒಮ್ಮೆ ಕೇಳಿದೆ. "ಏನೂ ಕೇಳುವುದಿಲ್ಲ ಮಾಷ್ಟ್ರೇ. ದೀಪ ಇಡುವ ಹೊತ್ತಿಗೆ ಯಾರೂ ನನ್ನನ್ನು ಕರೆಯುವುದಿಲ್ಲ" ಎಂದರು.

ಆ ಮಾತು ನನ್ನ ತಲೆಯಿಂದ ಹೋಗಿಲ್ಲ. ಆ ಹೊತ್ತಿಗೆ ಗಂಡ ಬಂದು ಮಗಳ ಹತ್ತಿರ ಕೂರುತ್ತಾನೆ, ಯಾರೂ ಹೇಳಬೇಕಾಗಿಲ್ಲ. "ಸುಮ್ನೆ ಸ್ವಲ್ಪ ಹೊತ್ತು ಹೊರಗೆ ಕೂರುತ್ತೇನೆ" ಎಂದು ಆಕೆ ಹೇಳಿದ್ದರೆ ಮನೆಯವರು ಬಿಡುತ್ತಿದ್ದರೋ ಇಲ್ಲವೋ. ಆಕೆಗೇ ಮನಸ್ಸು ಒಪ್ಪುತ್ತಿರಲಿಲ್ಲ. ದೀಪ ಅಂದ ಕೂಡಲೇ ಯಾರಿಗೂ ತಕರಾರಿಲ್ಲ. ಮಸೀದಿಯ ಬಾಂಕ್ (ಆಜಾನ್) ಕೇಳಿದ ಕೂಡಲೇ ಬೀಡಿ ಕಟ್ಟುವ ಸೂಪು (ಮೊರ) ಬದಿಗಿಟ್ಟು ನಮಾಜಿಗೆ ಏಳುವ ಹೆಂಗಸರನ್ನೂ ನಮ್ಮ ಕಡೆ ಕಾಣಬಹುದು. ಬೆನ್ನು ನೆಟ್ಟಗಾಗುತ್ತದೆ, ಮುಖಕ್ಕೆ ನೀರು ಬೀಳುತ್ತದೆ, ಮನಸ್ಸು ಲೆಕ್ಕದ ಬೀಡಿಯಿಂದ ಸ್ವಲ್ಪ ಹೊತ್ತು ಬಿಡಿಸಿಕೊಳ್ಳುತ್ತದೆ. ದಿನಕ್ಕೆ ಒಂದು ಕಟ್ಟುಪಾಡು, ಅದನ್ನು ಮುರಿಯದಂತೆ ಕಾಯುವ ಮನೆ ಮತ್ತು ಊರು, ಇದು ಮತ ಕೊಡುವ ಮೊದಲ ಸಹಾಯ. ದೇವರು ಇದ್ದಾನಾ ಎಂಬ ಪ್ರಶ್ನೆ ಇಲ್ಲಿ ಬರುವುದೇ ಇಲ್ಲ.

ಇನ್ನೊಂದು ಮನೆಯಲ್ಲಿ ದೇವರ ಪಟವೇ ಇರಲಿಲ್ಲ. ನಮ್ಮ ಜಿಲ್ಲೆಯ ದಕ್ಷಿಣಕ್ಕೆ ಕಯ್ಯೂರು ಇದೆ. ಅಲ್ಲಿನ ರೈತ ಹೋರಾಟದ ನಾಲ್ವರನ್ನು 1943ರಲ್ಲಿ ಗಲ್ಲಿಗೇರಿಸಿದರು. ಆ ನೆನಪಿನಲ್ಲೇ ಬೆಳೆದು, ಜೀವಮಾನ ಇಡೀ ಕಮ್ಯುನಿಸ್ಟ್ ಪಕ್ಷದ ಕೆಲಸ ಮಾಡಿದವರು ಇವರು. ಬಾಯಿಯ ಕ್ಯಾನ್ಸರ್. ಕೊನೆಗೆ ಮಾತು ನಿಂತು, ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದರು. ರಾತ್ರಿ ಯಾರು ಕೂರಬೇಕು ಎಂಬ ಪಟ್ಟಿಯನ್ನು ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದರು. ಒಬ್ಬ ಆಟೋ ಓಡಿಸುವವ, ಒಬ್ಬ ಅಂಗನವಾಡಿಯ ಟೀಚರ ಗಂಡ, ಒಬ್ಬ ಮೀನು ಮಾರುವವ. ಸಂಜೆ ಒಬ್ಬರು ಪೇಪರ್ ಓದಿ ಹೇಳುವುದು, ಇವರು ಸ್ಲೇಟಿನಲ್ಲಿ ತಕರಾರು ಬರೆಯುವುದು. ನೋವು ಜಾಸ್ತಿಯಾದ ದಿನವೂ ಊರಿನ ಲೈಬ್ರರಿಯ ಲೆಕ್ಕ ಕೇಳುತ್ತಿದ್ದರು. ನಾನು ಕಂಡ ಮನುಷ್ಯರಲ್ಲಿ ಅಷ್ಟು ಗಟ್ಟಿಯಾಗಿ, ಅಷ್ಟು ತಿಳಿಯಾಗಿ ಸಾವಿನ ಎದುರು ಕೂತವರು ಕಡಿಮೆ. ಸತ್ತ ಮೇಲೆ ಕ್ರಿಯೆ, ಬೊಜ್ಜ (ಉತ್ತರಕ್ರಿಯೆ) ಏನೂ ಬೇಡ ಎಂದು ಮೊದಲೇ ಬರೆದಿಟ್ಟಿದ್ದರು. ಹಾಗೆಯೇ ಆಯಿತು. ಆದರೆ ಊರಿಗೆ ಊರೇ ಬಂದಿತ್ತು.

ಹಾಗಾದರೆ ನಂಬದವರೆಲ್ಲ ಹೀಗೇ ಇರುತ್ತಾರಾ? ಇಲ್ಲ. ದೊಡ್ಡ ಕೆಲಸದಲ್ಲಿದ್ದು ರಿಟೈರ್ ಆದ ಒಬ್ಬರ ಮನೆಗೂ ಹೋಗುತ್ತೇವೆ. ಮಕ್ಕಳು ಗಲ್ಫಿನಲ್ಲಿ. ದೇವರೂ ಬೇಡ, ನೆರೆಕರೆಯೂ ಬೇಡ ಎಂದು ಬದುಕಿದವರು. ಈಗ ರಾತ್ರಿಯಾದರೆ ಗಾಬರಿ. ನಂಬುವವರೆಲ್ಲ ನೆಮ್ಮದಿಯಲ್ಲಿದ್ದಾರೆ ಅಂತಲೂ ಅಲ್ಲ. ಕಾಯಿಲೆ ಬಂದದ್ದೇ ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿ, ಒಬ್ಬರು ನಾಗದೋಷ ಅಂದರೆ ಇನ್ನೊಬ್ಬರು ಪ್ರೇತಬಾಧೆ ಅಂದು, ಪರಿಹಾರಕ್ಕೆ ಚಿನ್ನ ಅಡವಿಟ್ಟು, ಕೊನೆಗೆ "ಯಾರ ದೋಷ" ಎಂದು ಅಣ್ಣತಮ್ಮಂದಿರೇ ಮಾತು ಬಿಟ್ಟ ಮನೆ ಗೊತ್ತು. ದಿನಾ ಪೂಜೆ ನಡೆಯುವ ಮನೆ ಅದು.

ಇಷ್ಟು ನೋಡಿದ ಮೇಲೆ ನನಗೆ ಅನಿಸಿದ್ದು, ಮನುಷ್ಯನನ್ನು ಬೀಳದಂತೆ ಹಿಡಿಯುವುದು ನಂಬಿಕೆಗಿಂತ ಜಾಸ್ತಿ ಅದರ ಸುತ್ತ ಬೆಳೆದ ಬಳಕೆ ಮತ್ತು ಜನ. ಇದು ನನ್ನೊಬ್ಬನ ಅನಿಸಿಕೆಯೂ ಅಲ್ಲ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮ್ 1897ರಲ್ಲಿ ಇಂಥದ್ದೇ ಮಾತು ಹೇಳಿದ್ದಾರೆ. ಕ್ಯಾಥೊಲಿಕರಿಗಿಂತ ಪ್ರೊಟೆಸ್ಟೆಂಟರಲ್ಲಿ ಆತ್ಮಹತ್ಯೆ ಜಾಸ್ತಿ ಎಂದು ಅವರು ಕಂಡರು. ಎರಡೂ ಪಂಗಡಗಳು ಆತ್ಮಹತ್ಯೆಯನ್ನು ಪಾಪ ಎಂದೇ ಹೇಳುತ್ತವೆ. ವ್ಯತ್ಯಾಸ ಇದ್ದದ್ದು ಜನರನ್ನು ಒಬ್ಬರಿಗೊಬ್ಬರು ಕಟ್ಟಿಹಾಕುವ ಬಿಗಿಯಲ್ಲಿ ಎನ್ನುವುದು ಅವರ ವಾದ. ನೂರು ವರ್ಷ ಕಳೆದ ಮೇಲೆ, 2010ರಲ್ಲಿ, ಅಮೆರಿಕದ ಚೆಯೂನ್ ಲಿಮ್ ಮತ್ತು ರಾಬರ್ಟ್ ಪುಟ್ನಮ್ ಇನ್ನೂ ನೇರವಾಗಿ ನೋಡಿದರು. ತಪ್ಪದೆ ಚರ್ಚಿಗೆ ಹೋಗುವವರು ಬದುಕಿನ ಬಗ್ಗೆ ಹೆಚ್ಚು ತೃಪ್ತರಾಗಿದ್ದರು ನಿಜ. ಆದರೆ ಅಲ್ಲಿ ಆಪ್ತ ಸ್ನೇಹಿತರು ಇದ್ದವರಿಗೆ ಮಾತ್ರ ಆ ಲಾಭ ಕಂಡಿತು. ಹೋಗಿ, ಯಾರ ಜೊತೆಯೂ ಬೆರೆಯದೆ ಬರುವವರಿಗೆ ಅಷ್ಟೇನೂ ಇಲ್ಲ.

ಮತ ಎಲ್ಲಿ ಹದ ಕೆಡಿಸುತ್ತದೆ ಎಂದೂ ಹೇಳಬೇಕು. ಇದನ್ನು ಕಾಸರಗೋಡಿನವರು ಹೇಳದಿದ್ದರೆ ಇನ್ಯಾರು ಹೇಳಬೇಕು? ಎಣ್ಮಕಜೆಯ ಪಡ್ರೆ, ಸ್ವರ್ಗ ಕಡೆಯ ಗೇರು ತೋಟಗಳಿಗೆ 2000ದವರೆಗೆ, ಎರಡು ದಶಕಕ್ಕೂ ಜಾಸ್ತಿ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಅದು ತೋಡಿಗೆ, ಗುಡ್ಡ ಕೊರೆದು ಮಾಡಿದ ಸುರಂಗದ ಕುಡಿಯುವ ನೀರಿಗೆ, ಅಂಗಳಕ್ಕೆ ಬಿತ್ತು. ಕರುಗಳು ಕಾಲು ತಿರುಚಿಕೊಂಡು ಹುಟ್ಟಿದವು. ಮಕ್ಕಳು ಮಾತು ಬಾರದೆ, ನಡೆಯಲಾರದೆ ಹುಟ್ಟಿದರು. ಮೊದಮೊದಲು ಇದು ಜಟಾಧಾರಿ ದೈವದ ಕೋಪ ಎಂದು ನಂಬಿದವರು ಬಹಳ. ಪಾಪ, ಅವರನ್ನು ದೂರುವ ಮನಸ್ಸು ನನಗಿಲ್ಲ. ಕಾರಣ ಹೇಳುವವರು ಬೇರೆ ಯಾರೂ ಇರಲಿಲ್ಲ. ಆದರೆ ಕೋಪ ದೈವದ್ದು ಅಂದರೆ ತಪ್ಪು ನಮ್ಮದು ಅಂತಾಗುತ್ತದೆ. ಆಗ ತಾಯಂದಿರು ತಾವೇ ಏನೋ ಪಾಪ ಮಾಡಿದೆವು ಎಂದು ಕೊರಗುತ್ತಾರೆ. ಮೇಲಿಂದ ವಿಷ ಹಾಕಿದವರನ್ನು ಕೇಳುವವರೇ ಇರುವುದಿಲ್ಲ. ವಾಣಿನಗರದ ಡಾಕ್ಟರ್ ವೈ.ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆ ಇಂಥವರು ಒಂದೊಂದು ಮನೆಯ ಕಾಯಿಲೆಯನ್ನು ಜೋಡಿಸಿ ನೋಡಿ ಬರೆದ ಮೇಲೆ ಪ್ರಶ್ನೆ ಸರಿಯಾದ ಕಡೆಗೆ ತಿರುಗಿತು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಆದೇಶಿಸಿತು.

ನಾನು ಗೆರೆ ಎಳೆಯುವುದು ಇಲ್ಲಿ. ದುಃಖ ತಡೆದುಕೊಳ್ಳಲು ದೀಪ ಇಡಿ, ನಮಾಜು ಮಾಡಿ, ಜಪಸರ ಹಿಡಿಯಿರಿ. ಯಾಕೆ ಹೀಗಾಯಿತು, ಯಾರು ಹೊಣೆ ಎಂಬ ಪ್ರಶ್ನೆಗೆ ಡಾಕ್ಟರರನ್ನು ಕೇಳಿ, ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡಿಸಿ, ಕೋರ್ಟಿಗೆ ಹೋಗಿ. ಮೊದಲನೆಯದಕ್ಕೆ ಕೊಟ್ಟ ಜಾಗವನ್ನು ಎರಡನೆಯದಕ್ಕೂ ಕೊಟ್ಟಾಗ ಮನೆಗಳು ಮುಳುಗುತ್ತವೆ.

ನೀವು ಕೇಳಬಹುದು, ನಂಬದ ನೀವು ದೈವಾರಾಧನೆಯ ಕೋಲಕ್ಕೆ ಯಾಕೆ ಹೋಗುತ್ತೀರಿ ಎಂದು. ಹೋಗುತ್ತೇನೆ, ಇಡೀ ರಾತ್ರಿ ಕೂರುತ್ತೇನೆ. ವರ್ಷವಿಡೀ ಮಾತು ಬಿಟ್ಟವರು ಒಂದೇ ಚಪ್ಪರದಡಿ ಬರುತ್ತಾರೆ. ದೈವದ ಎದುರು ನಿಂತು ತಮ್ಮ ಸಂಕಟವನ್ನು ಗಟ್ಟಿಯಾಗಿ ಹೇಳುತ್ತಾರೆ. ಊರು ಕೇಳುತ್ತದೆ. ಕುಂಬಳೆ ಹತ್ತಿರದ ಆರಿಕ್ಕಾಡಿಯಲ್ಲಿ ಆಲಿ ಎಂಬ ಮುಸ್ಲಿಂ ಮೂಲದ ದೈವಕ್ಕೆ ಹಿಂದೂಗಳು ಕೋಲ ಕೊಡುತ್ತಾರೆ. ಮಂಜೇಶ್ವರದ ಉದ್ಯಾವರದಲ್ಲಿ ಜಾತ್ರೆಗೆ ಮೊದಲು ಅರಸು ಮಂಜಿಷ್ಣಾರ್ ದೈವಗಳ ಕ್ಷೇತ್ರದ ಪಾತ್ರಿಗಳು (ದೈವ ಮೈಮೇಲೆ ಬರುವವರು) ಮಸೀದಿಗೆ ಹೋಗಿ ಕರೆಯೋಲೆ ಕೊಟ್ಟು ಬರುತ್ತಾರೆ. ನಂಬಿಕೆ ಇಲ್ಲ ಎಂದು ಇದನ್ನೆಲ್ಲ ಕೈಬಿಟ್ಟರೆ ಕಳೆದುಕೊಳ್ಳುವವನು ನಾನೇ.

ನಿಮ್ಮ ಅಮ್ಮನ ಭಯದ ವಿಷಯಕ್ಕೆ ಬರುತ್ತೇನೆ. ಮತದಲ್ಲಿ ಇರುವವನಿಗೆ ದಿನದ ಕಟ್ಟು, ಸಾವು ನೋವಿಗೆ ಬರುವ ಜನ, ಕೈ ಮೀರಿದ್ದನ್ನು ಒಪ್ಪಿಸಿ ಹಗುರಾಗುವ ಒಂದು ಜಾಗ, ಎಲ್ಲ ಹಿರಿಯರಿಂದ ಬಂದ ತರವಾಡು ಮನೆಯ ಹಾಗೆ ಕಟ್ಟಿಟ್ಟದ್ದೇ ಸಿಗುತ್ತದೆ. ಹೊರಗೆ ಬಂದ ನೀವು ಒಂದೊಂದನ್ನೂ ಕೈಯಾರೆ ಕಟ್ಟಬೇಕು. ಮಗ ಕಟ್ಟಿಕೊಳ್ಳುತ್ತಾನಾ, ಇಲ್ಲ ಹಾಗೇ ಬಯಲಲ್ಲಿ ಉಳಿಯುತ್ತಾನಾ ಎಂಬುದು ಅವರ ಚಿಂತೆ, ಅಲ್ವಾ? ಕಟ್ಟಿಕೊಂಡವರು ಇದ್ದಾರೆ. ಎಚ್. ನರಸಿಂಹಯ್ಯನವರನ್ನೇ ನೋಡಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ ವಿಚಾರವಾದಿ. ಮದುವೆಯಾಗಲಿಲ್ಲ. ಆದರೂ ಒಂಟಿಯಾಗಲಿಲ್ಲ. ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ, ಹುಡುಗರ ಮಧ್ಯೆ, ಖಾದಿ ಉಟ್ಟು, ಸರಳವಾಗಿ ಬದುಕಿದರು.

ಹಾಗಾಗಿ ನಿಮಗೆ ನನ್ನ ಸಲಹೆ. ಪೂಜೆ ಬಿಟ್ಟ ಹೊತ್ತನ್ನು ಫೋನಿಗೆ ಕೊಡಬೇಡಿ. ಬೆಳಿಗ್ಗೆಯೋ ಸಂಜೆಯೋ, ಯಾರೂ ನಿಮ್ಮನ್ನು ಕರೆಯದ ಒಂದು ಹೊತ್ತು ಇಟ್ಟುಕೊಳ್ಳಿ. ನಡೆಯಿರಿ, ಗಿಡಕ್ಕೆ ನೀರು ಹಾಕಿ, ಹಾಡು ಕಲಿಯಿರಿ, ಆದರೆ ತಪ್ಪಿಸಬೇಡಿ. ವಾರಕ್ಕೊಮ್ಮೆಯಾದರೂ ನಿಮ್ಮ ಮನೆಯವರಲ್ಲದ, ನಿಮ್ಮ ಆಫೀಸಿನವರಲ್ಲದ ಜನರ ಜೊತೆ ಸೇರಿ ಕೈಯಿಂದ ಮಾಡುವ ಒಂದು ಕೆಲಸ ಹಿಡಿಯಿರಿ. ರಕ್ತದಾನದ ಗುಂಪು, ಲೈಬ್ರರಿ, ಯಕ್ಷಗಾನ ಸಂಘ, ಏನಾದರೂ ಆದೀತು. ಸಾವಿನ ಮನೆಗೆ ತಪ್ಪದೆ ಹೋಗಿ, ಮೆಸೇಜ್ ಹಾಕಿ ಮುಗಿಸಬೇಡಿ. ನಾಳೆ ನಿಮ್ಮ ಮನೆಗೆ ರಾತ್ರಿ ಕೂರಲು ಬರುವವರು ಹೀಗೆಯೇ ಸಿಗುವುದು.

ಅಮ್ಮನ ಜೊತೆ ದೇವರು ಇದ್ದಾನೋ ಇಲ್ಲವೋ ಎಂಬ ವಾದ ಬೇಡ. ದೇವಸ್ಥಾನಕ್ಕೆ ಅವರನ್ನು ನೀವೇ ಕರೆದುಕೊಂಡು ಹೋಗಿ. ಕೈಮುಗಿಯಲು ಮನಸ್ಸಿಲ್ಲದಿದ್ದರೆ ಮುಗಿಯಬೇಡಿ, ಅಷ್ಟು ಪ್ರಾಮಾಣಿಕತೆ ಇರಲಿ. ಅನ್ನಸಂತರ್ಪಣೆ ಇದ್ದರೆ ಪಂಚೆ ಮೇಲೆ ಕಟ್ಟಿ ಬಡಿಸಲು ನಿಲ್ಲಿ. ಸಾರಿನ ಬಾಲ್ದಿ ಹಿಡಿಯುವವರು ಎಲ್ಲಿ ಹೋದರೂ ಸಾಕಾಗುವುದಿಲ್ಲ, ಮತ್ತು ಅಲ್ಲಿ ನೀವು ನಂಬುತ್ತೀರಾ ಎಂದು ಯಾರೂ ಕೇಳುವುದಿಲ್ಲ.